ಬೊಂಬಾಯಿ ಎಷ್ಟು ಬುತ್ತಿ ದೂರ

ಬೊಂಬಾಯಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಮ್ಮೂರಿನಲ್ಲಿ ಒಬ್ಬರಿಗಾದರೂ ಗೊತ್ತಿದ್ದಿದ್ದರೆ ನನ್ನ ಗಂಡನ ಬೆನ್ನಿನ ಚರ್ಮ ಉಳಿಯುತ್ತಿತ್ತು. ನನ್ನ ಮುಂದಿನ ಹಲ್ಲೂ ಉಳಿಯುತ್ತಿತ್ತು. ಯಾರಿಗೂ ಗೊತ್ತಿರಲಿಲ್ಲ. ನಾವು ದೂರವನ್ನು ಅಳೆಯುತ್ತಿದ್ದುದು ಬುತ್ತಿಯಲ್ಲಿ. ಒಂದೂರಿಗೆ ಹೋಗುವಾಗ ದಾರಿಯಲ್ಲಿ ಎಷ್ಟು ಸಲ ಗಂಟು ಬಿಚ್ಚಿ ಉಣ್ಣಬೇಕೋ ಅದು ಅಷ್ಟು ಬುತ್ತಿ ದೂರ. ಸುಂಟಿಕೊಪ್ಪಕ್ಕೆ ಬುತ್ತಿ ಬೇಡ. ಮಡಿಕೇರಿ ಒಂದು ಬುತ್ತಿ. ಹಾಸನದ ಕಡೆಯ ನನ್ನ ತವರು ಎರಡು ಬುತ್ತಿ. ಬೊಂಬಾಯಿ ಎಂಟು ಬುತ್ತಿ ಎಂದು ಪಟೇಲನ ತಾಯಿ ಹೇಳುತ್ತಿದ್ದಳು. ಊರಿಗೆಲ್ಲ ಅಲ್ಲಿಗೆ ಹೋಗಿ ಬಂದವಳು ಅವಳೊಬ್ಬಳೇ ಆದ್ದರಿಂದ ಆ ಲೆಕ್ಕವನ್ನು ತಪ್ಪೆನ್ನುವವರು ಇರಲಿಲ್ಲ.

ಆಗ ಕೊಡಗು ಬೇರೆಯೇ ರಾಜ್ಯ. ಕುಶಾಲನಗರವನ್ನು ಫ್ರೇಜರ್‌ಪೇಟೆ ಎನ್ನುತ್ತಿದ್ದರು. ಅಲ್ಲಿಯ ಸೇತುವೆ ದಾಟಿದರೆ ಮೈಸೂರು ರಾಜ್ಯ. ಸೇತುವೆಯಿಂದ ಈಚೆಗೆ, ಕಾಡು ಕಡಿದು ಗದ್ದೆ ಮಾಡಿದ ಹಳ್ಳಿ ನಮ್ಮದು. ಪಟೇಲನ ಅಪ್ಪ ಹಾಸನದ ಕಡೆಯಿಂದ ಜನ ಕರೆತಂದು ಊರು ಕಟ್ಟಿದವನು. ಗದ್ದೆಯೆಲ್ಲ ಅವರ ಮನೆಯದು. ನಾವು ಗೇಣಿಗೆ ಮಾಡುತ್ತಿದ್ದೆವು. ಅಪ್ಪ ಸತ್ತ ಮೇಲೆ ದೊಡ್ಡ ಮಗ ಪಟೇಲನಾದ. ಚಿಕ್ಕವನು ಓದಿಕೊಂಡು ಬೊಂಬಾಯಿಗೆ ಹೋದ, ಅಲ್ಲಿ ಕಾಫಿ ಬೀಜದ ಸಾಹುಕಾರನೊಬ್ಬನ ಹತ್ತಿರ ಕೆಲಸಕ್ಕೆ ಸೇರಿದ. ಅವನನ್ನು ಊರೆಲ್ಲ ಚಿಕ್ಕಗೌಡ ಎನ್ನುತ್ತಿತ್ತು. ವರ್ಷಕ್ಕೊಮ್ಮೆ ಬಂದು, ಗದ್ದೆಯ ಮೇಲಿನ ಕಾಡು ಪಾಲು ಮಾಡಿಕೊಡು, ಎಸ್ಟೇಟಿನವರಿಗೆ ಮಾರುತ್ತೇನೆ ಎಂದು ಅಣ್ಣನ ಜೊತೆ ಜಗಳವಾಡಿ ಹೋಗುತ್ತಿದ್ದ. ನಾನು ಬದುಕಿರೋವರೆಗೂ ಇಲ್ಲ ಎಂದು ಪಟೇಲ ಪ್ರತಿ ವರ್ಷ ಹೇಳುತ್ತಿದ್ದ. ಅಣ್ಣತಮ್ಮಂದಿರ ಮಾತು ಎಂದು ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ಗಂಡ ಒಳ್ಳೆಯವನೇನಲ್ಲ. ಕುಡಿಯುತ್ತಿದ್ದ, ಕುಡಿದರೆ ಹೊಡೆಯುತ್ತಿದ್ದ. ಕುಡಿಯದೆಯೂ ಹೊಡೆದದ್ದುಂಟು. ಒಂದು ಸಲ ಒಲೆಯ ಕೊಳ್ಳಿಯನ್ನೇ ಎತ್ತಿ ಎಸೆದಿದ್ದ. ಅವನಿಗೆ ಒದೆ ಬೀಳಬೇಕಾದ ಕಾರಣಗಳು ನನಗೆ ಬೇಕಾದಷ್ಟು ಗೊತ್ತಿದ್ದವು. ಆದರೆ ಪಟೇಲನ ತಲೆ ಒಡೆದವನು ಅವನಲ್ಲ.

ಆ ವರ್ಷ ಮಳೆ ಹಿಂದೆ ಬಿತ್ತು. ನಾಟಿಗೆ ನೀರು ಸಾಲದೆ ಕಾಲುವೆಯ ನೀರನ್ನು ಸರದಿಯಲ್ಲಿ ಬಿಡುತ್ತಿದ್ದರು. ನಮ್ಮ ಸರದಿ ಮುಗಿಯುವ ಮೊದಲೇ ಪಟೇಲ ಬಂದು ತೂಬು ಮುಚ್ಚಿದ. ನಾನು ಸಸಿ ಕೀಳುತ್ತಿದ್ದೆ, ಸುತ್ತಲೂ ಹೆಂಗಸರು ನಾಟಿ ಹಾಕುತ್ತಿದ್ದರು. ಎಲ್ಲರಿಗೂ ಕೇಳಿಸಿತು.

"ಪಟೇಲ್ರೇ, ನಮ್ ಸರದಿ ಇನ್ನೂ ಮುಗುದಿಲ್ಲ" ಎಂದ ನನ್ನ ಗಂಡ.

"ನಿಂಗೆ ಸರದಿ ಕೊಟ್ಟೋನು ಯಾರ್ಲಾ?"

"ನಿಮ್ಮಪ್ಪಾರು."

"ಅವರು ಸತ್ತವ್ರೆ. ಹೋಗಿ ಕೇಳ್ಕಂಡ್ ಬಾ ಹೋಗು."

ನನ್ನ ಗಂಡ ಗುದ್ದಲಿ ಎತ್ತಿದ. "ನಿನ್ ತಲೆ ಎಲ್ಡು ಹೋಳು ಮಾಡ್ಬುಡ್ತೀನಿ ಗೌಡ, ನೋಡ್ತಿರು" ಎಂದ. ಪಟೇಲ ಎಮ್ಮೆಯಂಥ ಆಳು. ಗುದ್ದಲಿಯ ಕಾವು ಹಿಡಿದು ಕಿತ್ತುಕೊಂಡು, ಹೊಟ್ಟೆಗೆ ಒದ್ದು, ಕೆಸರಿಗೆ ಕೆಡವಿ, ಕತ್ತಿನ ಮೇಲೆ ಕಾಲಿಟ್ಟು ನಿಂತ. ನನ್ನ ಗಂಡನ ಬಾಯಿ ಮೂಗಿಗೆಲ್ಲ ಕೆಸರು ಹೋಯಿತು. ಕಾಲು ತೆಗೆದಾಗ ಅವನು ಕೆಸರು ಕಾರಿಕೊಂಡ. ಹೆಂಗಸರು ನಕ್ಕರು. "ಗುದ್ದಲಿ ಇಲ್ಲೇ ತೂಬಿನ್ ತಾವ ಇರ್ತದೆ. ಗಂಡಸಾದ್ರೆ ಬಂದು ತಕ್ಕ" ಎಂದು ಪಟೇಲ ಗುದ್ದಲಿಯನ್ನು ತೂಬಿನ ಕಲ್ಲಿಗೆ ಒರಗಿಸಿಟ್ಟು ಹೋದ. ನನ್ನ ಗಂಡ ಹೆಂಡದಂಗಡಿಗೆ ಹೋದ.

ಅದೇ ಮಧ್ಯಾಹ್ನ ಪಟೇಲನ ಮನೆಗೆ ತಂತಿ ಬಂತು. ತಂತಿಯೆಂದರೆ ಸಾವು ಎಂದೇ ನಮಗೆ ಗೊತ್ತಿದ್ದುದು. ಅಂಚೆಯವನ ಸೈಕಲ್ ಆ ಕಡೆ ತಿರುಗಿದ್ದೇ ನಾಟಿ ಬಿಟ್ಟು ಎಲ್ಲರೂ ಓಡಿದೆವು. ಅವನು ಕಾಗದ ಬಿಚ್ಚುವ ಮೊದಲೇ ಪಟೇಲನ ತಾಯಿ ಎದೆ ಬಡಿದುಕೊಳ್ಳಲು ಶುರುಮಾಡಿದ್ದಳು.

"ಅಯ್ಯೋ ಸುಮ್ನಿರಿ ದೊಡ್ಡವ್ವ, ಯಾರೂ ಸತ್ತಿಲ್ಲ" ಎಂದ ಅಂಚೆಯವನು. "ನಿಮ್ ಚಿಕ್ ಮಗಂಗೆ ರಜೆ ಸಿಗಲಿಲ್ವಂತೆ. ಅಪ್ಪಾರ ತಿಥಿಗೆ ಬರಾಕಾಗಲ್ಲ, ನೀವೇ ಮಾಡ್ಕಳಿ ಅಂತ ಹೊಡ್ದವ್ರೆ. ಇವತ್ತು ಬೆಳಿಗ್ಗೆ ಬೊಂಬಾಯಲ್ಲಿ ಕೊಟ್ಟದ್ದು, ನೋಡಿ, ಮಧ್ಯಾಹ್ನಕ್ಕೆ ಇಲ್ಲಿ."

"ಅದಕ್ಕೆ ಬುತ್ತಿ ಬ್ಯಾಡ್ವಲ್ಲ" ಎಂದ ಬಸವನ ಗುಡಿಯ ಪೂಜಾರಪ್ಪ. "ಮನುಷ್ಯನ್ನೂ ತಂತಿಗೆ ನೇತಾಕಿ ಬುಡಂಗಿದ್ರೆ ಚೆನ್ನಾಗಿತ್ತು."

"ನಿನ್ನ ನೇತಾಕುದ್ರೆ ತಂತಿ ಹರ್‍ದೋಯ್ತದೆ" ಎಂದಳು ದೊಡ್ಡವ್ವ, ಕಣ್ಣೊರೆಸಿಕೊಳ್ಳುತ್ತ. ಎಲ್ಲರೂ ನಕ್ಕು ಗದ್ದೆಗೆ ಮರಳಿದೆವು. ಹೀಗೆ ಆ ದಿನ ಚಿಕ್ಕಗೌಡ ಬೊಂಬಾಯಿಯಲ್ಲಿದ್ದಾನೆ ಎನ್ನುವುದು ಹಾಲು ಕುಡಿಯುವ ಮಗುವನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು.

ಸಂಜೆ ಕತ್ತಲಾಗುವ ಹೊತ್ತಿಗೆ ನಾನು ಚೊಂಬು ಹಿಡಿದು ಬಯಲಿಗೆ ಹೋದೆ. ಹೆಂಗಸರು ಹೋಗುತ್ತಿದ್ದುದೇ ಆ ಹೊತ್ತಿಗೆ. ಕಾಲುದಾರಿಯ ಪಕ್ಕ ಲಂಟಾನದ ಪೊದೆಯ ಹಿಂದೆ ಕೂತಿದ್ದೆ. ಬೂಟಿನ ಸದ್ದು ಕೇಳಿತು. ನಮ್ಮೂರಿನಲ್ಲಿ ಬೂಟು ಹಾಕುವವರಿಲ್ಲ. ಉಸಿರು ಬಿಗಿಹಿಡಿದು ಕೂತೆ. ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ಚಿಕ್ಕಗೌಡ ಹಾದುಹೋದ. ಮುಖ ಕಂಡಿತು. ಸಿಗರೇಟಿನ ವಾಸನೆ ಬಂತು, ಅವನ ತಲೆಗೆ ಹಚ್ಚುವ ಪೇಟೆ ಎಣ್ಣೆಯ ವಾಸನೆ ಬಂತು. ತೂಬಿನ ಕಡೆಗೆ ಹೋದ. ಪಟೇಲ ದಿನಾ ಆ ಹೊತ್ತಿಗೆ ನೀರು ನೋಡಲು ಅಲ್ಲಿಗೆ ಹೋಗುತ್ತಿದ್ದ. ಅಪ್ಪನ ತಿಥಿಗೆ ಬಂದಿದ್ದಾನೆ ಎಂದುಕೊಂಡು ನಾನು ಎದ್ದು ಮನೆಗೆ ಬಂದೆ. ಮಧ್ಯಾಹ್ನದ ತಂತಿ ನನಗೆ ನೆನಪಾಗಲೇ ಇಲ್ಲ. ಗಂಡ ಜಗಲಿಯ ಮೇಲೆ ವಾಂತಿ ಮಾಡಿಕೊಂಡು ಬಿದ್ದಿದ್ದ. ಅವನ ಮೇಲೆ ನೀರು ಸುರಿದು ಒಳಗೆ ಮಲಗಿದೆ. ಬೆಳಗಿನವರೆಗೂ ಅವನು ಅಲ್ಲಿಂದ ಏಳಲಿಲ್ಲ.

ಬೆಳಿಗ್ಗೆ ಪಟೇಲ ತೂಬಿನ ಹತ್ತಿರ ಸಿಕ್ಕಿದ. ನೀರು ಕಾಯುತ್ತ ಗದ್ದೆಯಲ್ಲೇ ಉಳಿದಿದ್ದಾನೆ ಎಂದು ರಾತ್ರಿ ಯಾರೂ ಹುಡುಕಿರಲಿಲ್ಲ. ಅರ್ಧ ಮೈ ಕಾಲುವೆಯಲ್ಲಿ, ಅರ್ಧ ಮೈ ಬದುವಿನ ಮೇಲೆ. ಕಿವಿಯ ಮೇಲ್ಭಾಗದಲ್ಲಿ ತಲೆ ಒಳಕ್ಕೆ ಹೋಗಿತ್ತು, ಹಲಸಿನ ಹಣ್ಣನ್ನು ಕಲ್ಲಿನ ಮೇಲೆ ಎತ್ತಿಹಾಕಿದ ಹಾಗೆ. ಬಾಯಿಯಲ್ಲಿ ನೊರೆ. ಪ್ರಾಣವಿತ್ತು. ಪಕ್ಕದಲ್ಲಿ ನನ್ನ ಗಂಡನ ಗುದ್ದಲಿ ಬಿದ್ದಿತ್ತು, ಹಿಂಬದಿಗೆಲ್ಲ ರಕ್ತ ಮತ್ತು ಕೂದಲು.

ಊರಿನ ಗಂಡಸರು ನಮ್ಮ ಮನೆಗೆ ಬಂದಾಗ ನನ್ನ ಗಂಡನಿಗೆ ಇನ್ನೂ ಅಮಲಿಳಿದಿರಲಿಲ್ಲ. ಕೂದಲು ಹಿಡಿದು ಎಳೆದುಕೊಂಡು ಹೋದರು. ದಾರಿಯುದ್ದಕ್ಕೂ ಒಬ್ಬೊಬ್ಬರೂ ಒದ್ದರು. ನಿನ್ನೆ ಅವನ ಪಕ್ಕದಲ್ಲೇ ಕೂತು ಕುಡಿದವರೂ ಒದ್ದರು. ಪಟೇಲನ ಮನೆಯ ಕೊಟ್ಟಿಗೆಯ ಕಂಬಕ್ಕೆ ಮುಖವಿಟ್ಟು ಕಟ್ಟಿ ಬಾರುಕೋಲಿನಿಂದ ಹೊಡೆದರು. ಎತ್ತಿಗೆ ಹೊಡೆಯುವಾಗ ಚರ್ಮ ಒಡೆಯಬಾರದು ಎಂದು ಕೈ ತಡೆಯುತ್ತಾರೆ. ಇವನಿಗೆ ಕೈ ತಡೆಯಲಿಲ್ಲ. ಮೊದಲು ಅವ್ವಾ ಎಂದ, ಆಮೇಲೆ ದಮ್ಮಯ್ಯ ಎಂದ, ಆಮೇಲೆ ಉಚ್ಚೆ ಹೊಯ್ದುಕೊಂಡ. ಒಬ್ಬನಿಗೆ ಕೈಸೋತರೆ ಇನ್ನೊಬ್ಬ ಬಾರುಕೋಲು ತೆಗೆದುಕೊಳ್ಳುತ್ತಿದ್ದ. ಕೊಟ್ಟಿಗೆಯ ದನಗಳು ಬೆದರಿ ಹಗ್ಗ ಜಗ್ಗುತ್ತಿದ್ದವು.

ಯಾರೋ ಪೊಲೀಸರಿಗೆ ಹೇಳಿಕಳಿಸೋಣ ಎಂದರು. ದೊಡ್ಡವ್ವ ಬೇಡವೆಂದಳು. "ನನ್ ಮನೆ ಮಾತು ಕಚೇರಿ ಮೆಟ್ಲು ಹತ್ತಬಾರದು. ನನ್ ಮಗ ಬದುಕುದ್ರೆ ಇವನೂ ಬದುಕ್ಲಿ. ನನ್ ಮಗ ಸತ್ರೆ ಇವನ ಕಾಲ್ಗೆ ಗುಂಡ್‌ಕಲ್ಲು ಕಟ್ಟಿ ಹೊಳೆಗೆ ಹಾಕಿ."

ಗಂಡಸರು ತಲೆಯಾಡಿಸಿದರು. ಅದು ಬರೀ ಬೈಗುಳವಲ್ಲ, ಅವರು ಹಾಕುವವರೇ ಎಂದು ನನಗೆ ಗೊತ್ತಾಯಿತು. ನನ್ನ ಮಡಿಲಲ್ಲಿ ಒಂದು, ಹೊಟ್ಟೆಯಲ್ಲಿ ಒಂದು ಮಗು. ಗೇಣಿ ಗದ್ದೆ ಗಂಡನ ಹೆಸರಿನಲ್ಲಿತ್ತು. ಅವನು ಹೊಳೆಗೆ ಹೋದರೆ ನಾನು ಕಾಫಿ ತೋಟದ ಕೂಲಿಯವರ ಲೈನು ಸೇರಬೇಕು. ಪ್ರೀತಿ ಗೀತಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಗುವನ್ನು ಪಕ್ಕದವಳ ಕೈಗೆ ಕೊಟ್ಟು ಮುಂದೆ ಹೋದೆ.

"ಹೊಡ್ದೋನು ನನ್ ಗಂಡ ಅಲ್ಲ. ನಿನ್ನೆ ಸಂಜೆ ಚಿಕ್ಕಗೌಡ್ರು ತೂಬಿನ್ ಕಡೆ ಹೋಗಿದ್ದು ನಾನು ನೋಡಿವ್ನಿ" ಎಂದೆ.

ಬಾರುಕೋಲು ನಿಂತಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಂಡಸರು ನಗತೊಡಗಿದರು.

"ಯಾವ ಚಿಕ್ಕಗೌಡ? ಬೊಂಬಾಯಿ ಚಿಕ್ಕಗೌಡ?"

"ನಿನ್ನೆ ಮಧ್ಯಾಹ್ನ ತಂತಿ ಬಂದಾಗ ಎಲ್ಲೆಮ್ಮಿ ಇದ್ದೆ ನೀನು? ನಮ್ ಜೊತೇಲೇ ಹಲ್ಲು ಕಿರೀತಾ ನಿಂತಿರ್ಲಿಲ್ವಾ?"

"ಎಲ್ಲಿ ನೋಡ್ದೆ?"

"ಲಂಟಾನದ ಪೊದೆ ತಾವ. ಬಯಲ್ಗೆ ಕೂತಿದ್ದೆ."

ಅದಕ್ಕೆ ಇನ್ನಷ್ಟು ನಕ್ಕರು. "ಕೂತ್ಕಂಡು ಏನೇನ್ ನೋಡ್ದೆ?" ಎಂದ ಒಬ್ಬ. ನಾನು ನೋಡಿದ್ದನ್ನೆಲ್ಲ ಹೇಳಿದೆ. ಬೂಟು, ಸಿಗರೇಟು, ತಲೆಯೆಣ್ಣೆಯ ವಾಸನೆ. ಅಷ್ಟರಲ್ಲಿ ದೊಡ್ಡವ್ವ ಎದ್ದು ಬಂದಳು. ಕೈಯಲ್ಲಿ ಹಿತ್ತಾಳೆ ತಂಬಿಗೆಯಿತ್ತು. ಮಗನ ಬಾಯಿಗೆ ನೀರು ಬಿಡುತ್ತಿದ್ದಳು.

"ನಾನು ಬೊಂಬಾಯಿಗೆ ಹೋಗಿ ಬಂದೋಳು ಕಣೇ" ಎಂದಳು. "ಮೈಸೂರಿಗೆ ಒಂದು ಬುತ್ತಿ, ಬೆಂಗ್ಳೂರಿಗೆ ಒಂದು. ಅಲ್ಲಿಂದ ರೈಲಲ್ಲಿ ರಾತ್ರಿ ಹಗಲು, ರಾತ್ರಿ ಹಗಲು. ಎಂಟನೇ ಬುತ್ತಿ ಬಿಚ್ಚೋವಾಗ ಅನ್ನ ಹಳಸೋಗಿ ನಾಯಿಗೆ ಹಾಕ್ದೆ. ನಿನ್ನೆ ಬೆಳಿಗ್ಗೆ ಅಲ್ಲಿದ್ದೋನು ನಿನ್ನೆ ಸಂಜೆ ನಿನ್ ತಿಕದ ಮುಂದೆ ಎಂಗ್ ಬಂದಾನು? ಹಡೆದ ಮಗನ್ ಮೇಲೆ ಹೇಳ್ತೀಯಾ?"

ತಂಬಿಗೆಯಿಂದ ನನ್ನ ಬಾಯಿಗೆ ಹೊಡೆದಳು. ನೆಲಕ್ಕೆ ಬಿದ್ದೆ. ಬಾಯಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು, ಉಗುಳಿದೆ. ನನ್ನದೇ ಹಲ್ಲು. ಮತ್ತೆ ಎದ್ದೆ. ಮತ್ತೆ ಹೊಡೆದಳು. ಮತ್ತೆ ಎದ್ದು, "ನೋಡಿವ್ನಿ" ಎಂದೆ. ಬೇರೆ ಮಾತು ಹೊಳೆಯಲಿಲ್ಲ. ಅವನು ಹೇಗೆ ಬಂದ ಎಂದು ನನಗೂ ಗೊತ್ತಿರಲಿಲ್ಲ. ನನಗೂ ಬೊಂಬಾಯಿ ಎಂಟು ಬುತ್ತಿಯೇ.

ಪೂಜಾರಪ್ಪ ನಡುವೆ ಬಂದ. "ಹೊಡೀಬ್ಯಾಡಿ ದೊಡ್ಡವ್ವ. ಕರ್ಪೂರ ಎತ್ಲಿ. ಸುಳ್ಳಾದ್ರೆ ಕೈ ಕೊಡವ್ತಾಳೆ."

ನಮ್ಮಲ್ಲಿ ಕಡೆಯ ಮಾತು ಅದು. ಬಸವಣ್ಣನ ಮುಂದೆ ಬರಿಯ ಅಂಗೈ ಮೇಲೆ ಕರ್ಪೂರ ಹಚ್ಚಿ ಮಾತು ಹೇಳಬೇಕು. ಉರಿದು ಮುಗಿಯುವ ಮೊದಲು ಕೈ ಕೊಡವಿದರೆ ಮಾತು ಸುಳ್ಳು. ಕೊಡವದಿದ್ದರೆ ನಿಜ, ಆಮೇಲೆ ಅದನ್ನು ಯಾರೂ ಎತ್ತಿ ಆಡುವಂತಿಲ್ಲ. ನನ್ನನ್ನು ಬಸವನ ಗುಡಿಯ ಮುಂದೆ ತಂದು ನಿಲ್ಲಿಸಿದರು. ಸಾಮಾನ್ಯವಾಗಿ ಚೂರು ಕರ್ಪೂರ ಇಡುತ್ತಾರೆ. ದೊಡ್ಡವ್ವ ಡಬ್ಬಿಯನ್ನೇ ನನ್ನ ಅಂಗೈಗೆ ಬೋರಲು ಹಾಕಿದಳು.

"ಹೇಳು" ಎಂದ ಪೂಜಾರಪ್ಪ, ಬೆಂಕಿ ತಾಗಿಸಿ.

"ಚಿಕ್ಕಗೌಡ ತೂಬಿನ್ ಕಡೆ ಹೋಗಿದ್ದು ನೋಡಿವ್ನಿ" ಎಂದೆ.

ಕರ್ಪೂರ ಮೊದಲು ಬಿಸಿಯೆನಿಸುವುದಿಲ್ಲ, ಬೆಳಕು ಮಾತ್ರ. ಆಮೇಲೆ ಕರಗಿ ಅಂಗೈಯ ಗೆರೆಗಳಿಗೆ ಇಳಿಯುತ್ತದೆ. ಚರ್ಮ ಉಬ್ಬಿ ಬಂತು, ಉಬ್ಬಿದ್ದು ಒಡೆಯಿತು. ಕೋಳಿ ಸುಟ್ಟಂಥ ವಾಸನೆ ಬಂತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ನಿಂತೆ. ಬಾಯಿಯ ರಕ್ತ ಸೆರಗಿಗೆ ಸುರಿಯುತ್ತಿತ್ತು. ದೊಡ್ಡವ್ವ ನನ್ನ ಕೈಯನ್ನು ನೋಡಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನೂ ಅವಳನ್ನೇ ನೋಡುತ್ತ ನಿಂತೆ. ಉರಿ ನೀಲಿಯಾಗಿ, ಸಣ್ಣದಾಗಿ, ಆರಿತು. ಕೈ ಕೊಡವಲಿಲ್ಲ. ಆ ಕೈಯ ಬೆರಳುಗಳು ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ.

ಈಗ ಅವರಿಗೆ ಕಷ್ಟವಾಯಿತು. ತಂತಿ ಸರ್ಕಾರದ್ದು, ಸುಳ್ಳಾಗುವಂತಿಲ್ಲ. ಕರ್ಪೂರ ಬಸವಣ್ಣನದು, ಅದೂ ಸುಳ್ಳಾಗುವಂತಿಲ್ಲ. ಗಂಡಸರು ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡರು. ಕೊನೆಗೆ ಪೂಜಾರಪ್ಪನೇ ದಾರಿ ಕಂಡುಹಿಡಿದ.

"ಇವ್ಳು ನೋಡಿದ್ದೂ ನಿಜ, ಅವ್ನು ಬೊಂಬಾಯಲ್ಲಿರೋದೂ ನಿಜ. ಹಂಗಾರೆ ಇವ್ಳು ನೋಡಿದ್ದು ಅವನನ್ನಲ್ಲ. ಗುಳಿಗನ್ನ."

ಗುಳಿಗ ಕೊಡಗಿನ ದೆವ್ವ. ಲೈನಿನ ಜನ ವರ್ಷಕ್ಕೊಮ್ಮೆ ಕಾಡಿನ ಅಂಚಿನ ಕಲ್ಲಿಗೆ ಕೋಳಿ ಕೊಯ್ಯುತ್ತಿದ್ದರು. ಹೊರಗಿನಿಂದ ಬಂದ ನಾವು ಕೊಡುತ್ತಿರಲಿಲ್ಲ. ಅವನ ಕಾಡು ಕಡಿದು ಗದ್ದೆ ಮಾಡಿದೆವು, ಅವನಿಗೆ ಒಂದು ಕೋಳಿಯನ್ನೂ ಕೊಡಲಿಲ್ಲ, ಅದಕ್ಕೇ ಮನೆಮಗನ ರೂಪ ಹೊತ್ತುಕೊಂಡು ಬಂದು ಪಟೇಲನನ್ನು ಹೊಡೆದ. ಇದು ಎಲ್ಲರಿಗೂ ಸರಿಯೆನಿಸಿತು. ಗುಳಿಗ ಬೂಟು ಹಾಕಿಕೊಂಡು ಸಿಗರೇಟು ಸೇದುತ್ತ ಬರುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ನಾನು ಕೇಳಬಹುದಿತ್ತು. ಬಾಯಿ ಊದಿಕೊಂಡಿತ್ತು. ಗುಳಿಗನ ಮೇಲೆ ಹೋದರೆ ಹೋಗಲಿ, ಗಂಡನನ್ನು ಬಿಟ್ಟರೆ ಸಾಕು ಎನಿಸಿತು.

ಬಿಡಲಿಲ್ಲ. "ಗುಳಿಗಂಗೆ ಹಂದಿ ಕೊಡನ" ಎಂದಳು ದೊಡ್ಡವ್ವ. "ನನ್ ಮಗ ಕಣ್ ಬುಟ್ರೆ ಇವನನ್ನ ಬಿಚ್ಚಿ. ಬುಡದಿದ್ರೆ ನಾನು ಹೇಳಿದ್ದೇ ಆಗ್ಲಿ." ಹೊಡೆಯುವುದು ನಿಂತಿತು, ಕಟ್ಟು ಬಿಚ್ಚಲಿಲ್ಲ. ಚಿಕ್ಕ ಮಗನಿಗೆ ತಂತಿ ಹೊಡೆಯಲು ಒಬ್ಬನನ್ನು ಫ್ರೇಜರ್‌ಪೇಟೆಗೆ ಅಟ್ಟಿದಳು. ಅವನು ಎಂಟು ಬುತ್ತಿ ಉಂಡು ಬರುವವರೆಗೆ ಅಣ್ಣನ ಪ್ರಾಣ ನಿಲ್ಲಲಿ ಎಂದು ಬಸವಣ್ಣನಿಗೆ ಹರಕೆ ಹೊತ್ತಳು.

ನಾನು ದಿನಕ್ಕೆ ಎರಡು ಸಲ ಕೊಟ್ಟಿಗೆಗೆ ಗಂಜಿ ಒಯ್ದೆ. ಬೆನ್ನಿನ ಮೇಲೆ ನೊಣ ಕೂತು ಮೊಟ್ಟೆಯಿಟ್ಟಿದ್ದವು. ಗಂಜಿ ಕುಡಿಸುವಾಗ ನನ್ನ ಗಂಡ ಒಂದೇ ಮಾತು ಕೇಳುತ್ತಿದ್ದ: "ಪಟೇಲ ಕಣ್ ಬುಟ್ನಾ?" ಬಿಟ್ಟಿರಲಿಲ್ಲ. ಒಳಗಿನಿಂದ ಗೊರಗೊರ ಸದ್ದು ಬರುತ್ತಿತ್ತು. ಆ ಸದ್ದು ನಿಂತರೆ ನನ್ನ ಗಂಡನನ್ನು ಹೊಳೆಗೆ ಹಾಕುತ್ತಾರೆ. ಮನೆಯಲ್ಲಿ ಕೆಲಸ ಮಾಡುವಾಗಲೂ ನನ್ನ ಕಿವಿ ಅಲ್ಲೇ ಇರುತ್ತಿತ್ತು. ಎರಡನೆಯ ದಿನ ಸದ್ದು ತುಂಬ ಸಣ್ಣದಾಯಿತು. ಒಬ್ಬ ಆಳು ಹಟ್ಟಿಯ ಮೂಲೆಗೆ ಗುಂಡುಕಲ್ಲು ಉರುಳಿಸಿ ತಂದಿಟ್ಟುಕೊಂಡ. ಅದಕ್ಕೆ ಹಗ್ಗದ ಅಳತೆಯನ್ನೂ ನೋಡಿದ. ನಾನು ನೋಡುತ್ತಿದ್ದೇನೆ ಎಂದು ಗೊತ್ತಿದ್ದೂ ನೋಡಿದ.

ಹಂದಿ ಕೊಟ್ಟದ್ದು ಅದರ ಮಾರನೆಯ ಸಂಜೆ, ಪಟೇಲನ ಮನೆಯ ಅಂಗಳದಲ್ಲಿ. ಕಡಿಯುವವನಿಗೆ ಅಭ್ಯಾಸವಿರಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು. ಹಂದಿ ಹಗ್ಗ ಕಿತ್ತುಕೊಂಡು ರಕ್ತ ಎರಚುತ್ತ ಅಂಗಳವೆಲ್ಲ ಓಡಿತು. ನಾಲ್ಕು ಜನ ಮೇಲೆ ಬಿದ್ದು ಹಿಡಿದು ಕತ್ತು ಕೊಯ್ದರು. ಆ ಕಿರುಚಾಟದಲ್ಲಿ ಕಾರಿನ ಸದ್ದು ಯಾರಿಗೂ ಕೇಳಿಸಲಿಲ್ಲ. ತಲೆಯೆತ್ತಿ ನೋಡಿದರೆ ಅಂಗಳದ ಬಾಯಲ್ಲಿ ಚಿಕ್ಕಗೌಡ ನಿಂತಿದ್ದ. ಕೋಟು, ಬೂಟು, ಕೈಯಲ್ಲೊಂದು ಚರ್ಮದ ಚೀಲ.

ಇನ್ನೆರಡು ದಿನ ಬಿಟ್ಟು ಬರುತ್ತಾನೆ ಎಂದು ಎಲ್ಲರ ಲೆಕ್ಕ. ಕೆಲವರು ಹೆದರಿ ಹಿಂದೆ ಸರಿದರು. ಗುಳಿಗನೇ ಮತ್ತೆ ಬಂದ ಎಂದು ಪೂಜಾರಪ್ಪ ಜುಟ್ಟು ಬಿಚ್ಚಿಕೊಂಡು ಕೂಗಿದ. ಚಿಕ್ಕಗೌಡ ಯಾರನ್ನೂ ನೋಡದೆ ಓಡಿಬಂದು ತಾಯಿಯ ಕಾಲಿಗೆ ಬಿದ್ದು ಗೋಳೋ ಎಂದು ಅತ್ತ. ಮುಟ್ಟಿದ ಮೇಲೆ ಅವಳಿಗೆ ಮನುಷ್ಯನೇ ಎಂದು ಖಾತ್ರಿಯಾಯಿತು.

"ಯಾವಾಗ್ ಹೊಂಟೆ ಮಗ?"

"ಇವತ್ತು ಬೆಳಿಗ್ಗೆ ಅವ್ವಾ. ನಿನ್ನೆ ತಂತಿ ಸಿಕ್ತು. ರೈಲು ನಂಬಿದ್ರೆ ಅಣ್ಣನ ಮುಖ ಸಿಗಲ್ಲ ಅಂತ ವಿಮಾನ ಹತ್ತಿಬಿಟ್ಟೆ."

"ಇವತ್ತು ಬೆಳಿಗ್ಗೆ ಎಲ್ಲಿದ್ದೆ?"

"ಬೊಂಬಾಯಲ್ಲೇ. ಅಲ್ಲೇ ಕಾಫಿ ಕುಡ್ದು ಹೊರಟೆ. ಮೂರೂವರೆ ಗಂಟೆ ಅಷ್ಟೆ ಅವ್ವಾ, ಬೆಂಗಳೂರಲ್ಲಿ ಇಳಿಸಿಬಿಡ್ತಾರೆ. ಐನೂರು ಮೈಲಿಗೂ ಮೇಲೆ! ಅಲ್ಲಿಂದ ಕಾರು ಮಾಡ್ಕೊಂಡು ಸೀದಾ ಬಂದೆ." ಸುತ್ತ ನಿಂತವರ ಬಾಯಿ ತೆರೆದದ್ದನ್ನು ಕಂಡು ಅವನಿಗೆ ಇನ್ನೂ ಹುರುಪು ಬಂತು. ಕಣ್ಣೊರೆಸಿಕೊಂಡು ಎಲ್ಲರ ಕಡೆ ತಿರುಗಿದ. "ಕಿವಿಗೆ ಇಟ್ಕೊಳ್ಳೋಕೆ ಹತ್ತಿ ಕೊಡ್ತಾರೆ. ಬಾಯಿಗೆ ಪೆಪ್ಪರ್ಮೆಂಟು. ಮೋಡ ಎಲ್ಲ ಕಾಲ ಕೆಳಗೆ. ಅಣ್ಣನಿಗಿಂತ ದುಡ್ಡು ಹೆಚ್ಚಾ ಅಂತ ಹತ್ತಿದೆ."

"ಬುತ್ತಿ?" ಎಂದಳು ತಾಯಿ.

"ಬುತ್ತಿ ಯಾಕವ್ವಾ? ಬಿಚ್ಚೋಕೆ ಪುರುಸೊತ್ತೆಲ್ಲಿ?"

ಹಂದಿಯ ರಕ್ತ ಹಿಡಿದ ಪಾತ್ರೆಯನ್ನು ಒಬ್ಬ ಸದ್ದಿಲ್ಲದೆ ಕೆಳಗಿಟ್ಟ. ಕರ್ಪೂರದ ಮಾತು, ಬುತ್ತಿಯ ಲೆಕ್ಕ, ಇದೊಂದೂ ಅವನಿಗೆ ತಿಳಿದಿರಲಿಲ್ಲ. ತನ್ನನ್ನು ಯಾರೋ ನೋಡಿದ್ದಾರೆ ಎನ್ನುವುದೂ ತಿಳಿದಿರಲಿಲ್ಲ. ಅಣ್ಣನ ಮೇಲಿನ ಪ್ರೀತಿ ತೋರಿಸಲು ಹೋಗಿ ಅವನಾಗಿ ಹೇಳಿಬಿಟ್ಟಿದ್ದ.

ದೊಡ್ಡವ್ವ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಬಗ್ಗಿಸಿಕೊಂಡಳು. ಮುದ್ದು ಮಾಡುತ್ತಿದ್ದಾಳೆ ಎಂದುಕೊಂಡು ಅವನು ಇನ್ನೊಮ್ಮೆ ಅತ್ತ. ಅವಳು ಕೂದಲಿಗೆ ಮೂಗಿಟ್ಟು ಮೂಸಿದಳು. ಆಮೇಲೆ ಅವನ ಬೂಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಟ್ಟೆ ಸುತ್ತಿದ್ದ ನನ್ನ ಕೈಯನ್ನು ನೋಡಿದಳು.

"ಕೊಟ್ಟಿಗೇಲಿರೋನ್ನ ಬಿಚ್ರೋ" ಎಂದಳು.

"ಯಾರನ್ನವ್ವಾ?" ಎಂದ ಚಿಕ್ಕಗೌಡ.

ಅವಳು ಮಗನ ತಲೆಯನ್ನು ಕೈಯಿಂದ ದೂರ ತಳ್ಳಿ, ಗಂಡಸರ ಕಡೆ ತಿರುಗಿ, "ಇವ್ನು ಹಾರ್‍ಕಂಡ್ ಬಂದವ್ನೆ. ಇನ್ ಹಾರದಂಗೆ ಮಾಡಿ" ಎಂದಳು.

ಚಿಕ್ಕಗೌಡನಿಗೆ ಆಗ ಅರ್ಥವಾಯಿತು. ಕಾರಿನ ಕಡೆಗೆ ಓಡಿದ. ಹಂದಿಯ ರಕ್ತದ ಮೇಲೆ ಬೂಟು ಜಾರಿ ಬಿದ್ದ. ಮೇಲೆ ಬಿದ್ದವರು ಅದೇ ನಾಲ್ಕು ಜನ. ಕಾರಿನವನು ಇದನ್ನು ಕಂಡು ಬಾಡಿಗೆಯನ್ನೂ ಕೇಳದೆ ಗಾಡಿ ತಿರುಗಿಸಿಕೊಂಡು ಹೋದ. ಗುದ್ದಲಿಯ ಹಿಂಬದಿಯಿಂದ ಮೊಣಕಾಲಿಗೆ ಹೊಡೆದರು. ಒಂದು, ಆಮೇಲೆ ಇನ್ನೊಂದು. ಹಸಿ ಬಿದಿರು ಸೀಳುವ ಸದ್ದು ಬಂತು. ಅವ್ವಾ, ಅವ್ವಾ ಎಂದು ಕೂಗಿದ. ಅವಳು ಒಳಗೆ ಹೋಗಿ ದೊಡ್ಡ ಮಗನ ಬಾಯಿಗೆ ನೀರು ಬಿಡಲು ಕೂತಿದ್ದಳು. ನಾನು ಪೂರ್ತಿ ನೋಡಲಿಲ್ಲ. ಕೊಟ್ಟಿಗೆಯಲ್ಲಿ ಹಗ್ಗದ ಗಂಟು ಬಿಚ್ಚುವುದು ಒಂದೇ ಕೈಯಲ್ಲಿ ಆಗದೆ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ. ಮುಂದಿನ ಹಲ್ಲಿಲ್ಲದೆ ಅದೂ ಸಲೀಸಾಗಿರಲಿಲ್ಲ.

ಪಟೇಲ ಸಾಯಲಿಲ್ಲ. ಎಷ್ಟೋ ದಿನದ ಮೇಲೆ ಕಣ್ಣು ಬಿಟ್ಟ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಮಾತು ಬರಲಿಲ್ಲ, ಉಂಡದ್ದು ಮೂಗಿನಿಂದ ಬರುತ್ತಿತ್ತು. ಚಿಕ್ಕವನನ್ನೂ ದೊಡ್ಡವ್ವ ಅದೇ ಮನೆಯಲ್ಲಿ ಇಟ್ಟುಕೊಂಡಳು. ನಡುಮನೆಯ ಈ ಮೂಲೆಯಲ್ಲಿ ಒಬ್ಬ, ಆ ಮೂಲೆಯಲ್ಲಿ ಒಬ್ಬ. ಕೇಳಿಕೊಂಡು ಬಂದವರಿಗೆ ದೊಡ್ಡವನು ತೂಬಿನ ಕಲ್ಲಿನ ಮೇಲೆ ಜಾರಿ ಬಿದ್ದ, ಚಿಕ್ಕವನು ಕಾರಿನಿಂದ ಬಿದ್ದ ಎಂದಳು. ಊರಿನವರೂ ಅದನ್ನೇ ಹೇಳಿದರು. ಇಬ್ಬರಿಗೂ ತಾನೇ ಕಲಸಿ ಉಣ್ಣಿಸುತ್ತಿದ್ದಳು. ಚಿಕ್ಕವನಿಗೆ ಉಣ್ಣಿಸುವಾಗ ಒಂದು ಮಾತೂ ಆಡುತ್ತಿರಲಿಲ್ಲವಂತೆ. ನನ್ನ ಹಲ್ಲಿನ ಬಗ್ಗೆಯೂ ಅವಳು ಯಾವತ್ತೂ ಮಾತಾಡಲಿಲ್ಲ. ಮುಂದಿನ ವರ್ಷದಿಂದ ನೀರಿನ ಸರದಿಯಲ್ಲಿ ಮೊದಲು ನಮ್ಮ ಗದ್ದೆಗೆ ಬಿಡಿಸುತ್ತಿದ್ದಳು, ಅಷ್ಟೆ.

ಅದೆಲ್ಲ ಆಮೇಲಿನದು. ಆ ಸಂಜೆ ಗಂಡನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದೆ. ಸಹಾಯಕ್ಕೆ ಒಬ್ಬರೂ ಬರಲಿಲ್ಲ. ಎಲ್ಲರಿಗೂ ಪಟೇಲನ ಅಂಗಳದಲ್ಲಿ ಕೆಲಸವಿತ್ತು. ಒಲೆಯ ಮುಂದೆ ಬೋರಲು ಮಲಗಿಸಿ, ಬಿಸಿನೀರಿನಲ್ಲಿ ಬೆನ್ನು ತೊಳೆದು, ಹುಳು ತೆಗೆದೆ. ಎಡಗೈಯಲ್ಲೇ ಎಲ್ಲ. ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚತೊಡಗಿದೆ. ನನ್ನ ಕೈಗೆ ಏನಾಯಿತೆಂದು ಕೇಳುತ್ತಾನೆ ಎಂದುಕೊಂಡೆ. ಕಂಬಕ್ಕೆ ಮುಖವಿಟ್ಟು ಕಟ್ಟಿದ್ದರೂ ಕಿವಿಗೆ ಎಲ್ಲ ಕೇಳಿಸಿರುತ್ತದೆ.

"ಅವನ ತಲೆ ಎಣ್ಣೆ ವಾಸ್ನೆ ನಿಂಗೆ ಎಂಗೆ ಗೊತ್ತು?" ಎಂದ.

ನಾನು ಹಚ್ಚುವುದನ್ನು ನಿಲ್ಲಿಸಿದೆ.

"ಕೇಳಿಸ್ತಾ ಇಲ್ವಾ? ಯಾವಾಗ ಮೂಸಿದ್ದೆ ಅವನ್ ತಲೆನ? ಹೇಳೇ ರಂಡೆ."

ಏಳಲು ಆಗದೆ, ಮಲಗಿದಲ್ಲಿಂದಲೇ ಕೈ ಬೀಸಿ ನನ್ನ ಕಾಲಿಗೆ ಹೊಡೆದ. ಹೋದ ವರ್ಷ ಹಬ್ಬಕ್ಕೆ ಬಂದವನು ಊರಿಗೆಲ್ಲ ಪೇಡ ಹಂಚಿದ್ದ, ಇಡೀ ಊರೇ ಆ ವಾಸನೆ ಮೂಸಿತ್ತು, ಇವನೂ ಮೂಸಿದ್ದ. ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ಒಲೆಯ ಪಕ್ಕದ ಉಪ್ಪಿನ ಮಡಕೆಗೆ ಎಡಗೈ ಹಾಕಿ, ಹಿಡಿತುಂಬ ಕಲ್ಲುಪ್ಪು ತೆಗೆದು, ಅವನ ಬೆನ್ನಿನ ಮಧ್ಯಕ್ಕಿಟ್ಟು ಅಂಗೈಯಿಂದ ಒತ್ತಿ ಹಿಡಿದೆ.

ಬಾರುಕೋಲಿಗೂ ಅವನು ಹಾಗೆ ಕೂಗಿರಲಿಲ್ಲ. ಪಕ್ಕದ ಮನೆಯವಳು ನನ್ನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಓಡಿಬಂದು ಬಾಗಿಲಲ್ಲಿ ನಿಂತಳು.

"ಏನಾಯ್ತಮ್ಮಿ?"

"ಔಷ್ದಿ ಹಚ್ತಾ ಇವ್ನಿ" ಎಂದೆ.